ರವಿವಾರದ ಕರಿ ಚುಕ್ಕೆ

ನಾನು ಒಂದು ಏರ್‌ಗನ್. ಹೆಸರು ಕೇಳಿದ ಕೂಡಲೇ ಹೆದರಬೇಡಿ. ನನ್ನೊಳಗೆ ಮದ್ದಿಲ್ಲ, ಬೆಂಕಿಯಿಲ್ಲ. ಒಂದು ದಪ್ಪ ಸ್ಪ್ರಿಂಗು, ಒಂದಿಷ್ಟು ಗಾಳಿ, ಕಡಲೆಬೇಳೆಯಷ್ಟು ದೊಡ್ಡ ಸೀಸದ ಗುಂಡು, ಇಷ್ಟೇ ನನ್ನ ಸಂಸಾರ. ಹುಟ್ಟಿದ್ದು ದೂರದ ಊರಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ನಳಿಗೆ ಒಬ್ಬರು ಕೊರೆದರು, ಸ್ಪ್ರಿಂಗು ಇನ್ನೊಬ್ಬರು ತುಂಬಿದರು. ಮರದ ಹಿಡಿಯನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದು ಕೆಮ್ಮಿನ ಒಬ್ಬ ಮುದುಕ. ಗುರಿ ನೋಡುವ ಕಿಂಡಿಯನ್ನು ಆತ ನನ್ನ ಬೆನ್ನಿಗೆ ಕೂಡಿಸುವಾಗ ಸರಿಯಾಗಿ ಆ ಗಳಿಗೆಗೇ ಕೆಮ್ಮು ಬಂತು. ಅಂದಿನಿಂದ ನನಗೆ ಕೂದಲೆಳೆಯಷ್ಟು ಎಡಕ್ಕೆ ಹೊಡೆಯುವ ಚಾಳಿ. ಯಾರೂ ಅದನ್ನು ಗಮನಿಸದೆ ಪೆಟ್ಟಿಗೆಗೆ ತುಂಬಿ ಕಳಿಸಿಬಿಟ್ಟರು.

ನನ್ನನ್ನು ಮೊದಲು ಕೊಂಡವರು ಗದಗದ ಒಂದು ಸಿನಿಮಾ ಥಿಯೇಟರಿನ ಮ್ಯಾನೇಜರು. ಥಿಯೇಟರಿನ ಜಂತಿಯ ಮೇಲೆ ಪಾರಿವಾಳಗಳು ಸಂಸಾರ ಹೂಡಿ, ಪ್ರೇಕ್ಷಕರ ತಲೆಯ ಮೇಲೆ ಹಿಕ್ಕೆ ಹಾಕುತ್ತಿದ್ದವು. ಅವನ್ನು ಓಡಿಸಲು ನನ್ನ ನೇಮಕವಾಯಿತು. ಮ್ಯಾನೇಜರು ಬಲಕ್ಕೆ ಗುರಿ ಹಿಡಿದರೆ ನಾನು ಎಡಕ್ಕೆ ಹೊಡೆಯುವುದು, ಪಾರಿವಾಳ ಕತ್ತು ಕೊಂಕಿಸಿ ನಮ್ಮಿಬ್ಬರನ್ನೂ ನೋಡುವುದು, ಹೀಗೆ ಎರಡು ತಿಂಗಳು ನಡೆಯಿತು. ಕೊನೆಗೊಂದು ಗುಂಡು ಹೋಗಿ ಬಿಳಿ ಪರದೆಯ ನಟ್ಟನಡುವೆ ತೂತು ಮಾಡಿತು. ಮುಂದೆ ಯಾವ ಸಿನಿಮಾ ಬಂದರೂ ನಾಯಕಿಯ ಮುಖದ ಮೇಲೆ ಒಂದು ಮಚ್ಚೆ. ಒಮ್ಮೆ ಕೆನ್ನೆಯ ಮೇಲೆ, ಒಮ್ಮೆ ಮೂಗಿನ ಮೇಲೆ, ದುಃಖದ ಸೀನಿನಲ್ಲಿ ಸರಿಯಾಗಿ ಹಲ್ಲಿನ ಮೇಲೆ. ಮಾಲೀಕರು ಕೆಂಡವಾದರು, ಮ್ಯಾನೇಜರು ನನ್ನನ್ನು ಪೋಸ್ಟರ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ತಂದು ಬಿಸಾಡಿ ಕೈ ತೊಳೆದುಕೊಂಡರು. ಒಂದು ಜೀವವನ್ನೂ ತೆಗೆಯದೆ ಆ ಕೆಲಸ ಕಳೆದುಕೊಂಡೆನೆಂದು ನನಗೆ ಇಂದಿಗೂ ಹೆಮ್ಮೆಯಿದೆ.

ಪ್ರೆಸ್ಸು ಇಮಾಮಸಾಬ ಕಾಗದಗಾರರದು. ಮುಂದೆ ಕಾಲಿನಿಂದ ತುಳಿಯುವ ಟ್ರೆಡಲ್ ಮಷೀನು, ಅಚ್ಚಿನ ಮೊಳೆಗಳ ಕಪಾಟು. ಹಿಂದೆ ಕಾಗದ ಪೇರಿಸಿಡುವ ಉದ್ದನೆಯ ಹಂಚಿನ ಕೋಣೆ. ಅದರ ತುದಿಗೆ, ಕತ್ತರಿಸಿ ಉಳಿದ ಕಾಗದದ ಚೂರುಗಳನ್ನು ಒತ್ತಿ ಕಟ್ಟಿದ ರದ್ದಿಯ ಗಂಟುಗಳು ಗೋಡೆಯೆತ್ತರ ನಿಂತಿದ್ದವು. ನಾನು ಅಲ್ಲಿ ಒಂದು ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದೆ. ಒಂದು ದಿನ ಶಾಲೆಯ ವಾರ್ಷಿಕ ಗ್ಯಾದರಿಂಗಿನ ಆಮಂತ್ರಣಪತ್ರ ಅಚ್ಚು ಹಾಕಿಸಲು ಡ್ರಾಯಿಂಗ್ ಮಾಸ್ತರರು ಬಂದರು. ಹೆಸರು ವಿರೂಪಾಕ್ಷಪ್ಪ ಬಣಕಾರ. ಅಚ್ಚು ಒಣಗುವವರೆಗೆ ಸುಮ್ಮನಿರಲಾಗದೆ ನನ್ನನ್ನು ಎತ್ತಿಕೊಂಡರು, ಭುಜಕ್ಕಾನಿಸಿದರು, ಬಲಗಣ್ಣನ್ನು ಕಿಂಡಿಗೆ ತಂದರು.

ಮೊದಲನೇ ಗುಂಡು ರದ್ದಿಗೆ ಬಿತ್ತು. ಎರಡನೆಯದೂ ಅಲ್ಲೇ, ಅದರ ಪಕ್ಕಕ್ಕೇ. ಮಾಸ್ತರರು ಕಣ್ಣು ಕಿರಿದು ಮಾಡಿ ನಕ್ಕರು.

"ಇದು ಎಡಕ್ಕ ಎಳೀತೈತ್ರೀ. ಅಂದ್ರೂ ಪ್ರತಿ ಸಲಾ ಅಷ್ಟ ಎಳೀತೈತಿ. ಎಷ್ಟ ಎಳೀತೈತಿ ಅಂತ ಗೊತ್ತಾದ್ರ ಮುಗೀತು, ಅಷ್ಟ ಬಲಕ್ಕ ಹಿಡದ್ರಾತು."

ಆ ಮಾತು ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಅಲ್ಲಿಯವರೆಗೆ ನನ್ನನ್ನು ಹಿಡಿದವರೆಲ್ಲ ನನ್ನನ್ನು ಬೈದಿದ್ದರು. ಇವರು ನನ್ನನ್ನು ಅರ್ಥಮಾಡಿಕೊಂಡರು.

ಅಂದಿನಿಂದ ಪ್ರತಿ ರವಿವಾರ ಬೆಳಿಗ್ಗೆ, ಪ್ರೆಸ್ಸಿಗೆ ರಜೆ ಇದ್ದಾಗ, ಮಾಸ್ತರರು ಬರತೊಡಗಿದರು. ಇಮಾಮಸಾಬರು ಟಾರ್ಗೆಟ್ಟಿನ ಚಿತ್ರ ಕೊರೆದ ಒಂದು ಲೋಹದ ಬ್ಲಾಕು ಮಾಡಿಸಿ, ಗಟ್ಟಿ ಕಾರ್ಡಿನ ಮೇಲೆ ತಾವೇ ಅಚ್ಚು ಹಾಕಿದರು. ನಡುವೆ ಹಳೆಯ ರೂಪಾಯಿ ನಾಣ್ಯದಷ್ಟು ಕರಿ ಚುಕ್ಕೆ, ಸುತ್ತ ಉಂಗುರಗಳು. ನಟ್ಟನಡುವೆ ಬಿದ್ದರೆ ಹತ್ತು, ಹೊರಗೆ ಹೋದಂತೆ ಕಡಿಮೆ. ಒಬ್ಬೊಬ್ಬರಿಗೆ ಹತ್ತು ಗುಂಡು. ಒಬ್ಬರು ಹೊಡೆಯುವಾಗ ಇನ್ನೊಬ್ಬರು ಉಸಿರೆತ್ತಬಾರದು. ತನ್ನ ಕಾರ್ಡನ್ನು ತಾನೇ ಓದಬಾರದು, ಎದುರಿನವನೇ ಓದಿ ಸಹಿ ಹಾಕಬೇಕು. ಸೋತವನು ಮೂಲೆಯ ಸ್ಟೋವಿನ ಮೇಲೆ ಚಹಾ ಮಾಡಬೇಕು. ಇಮಾಮಸಾಬರ ಗುರಿ ದೇವರಿಗೇ ಪ್ರೀತಿ. ಹಾಗಾಗಿ ಹದಿನೈದು ವರ್ಷ ಚಹಾ ಅವರೇ ಮಾಡಿದರು.

ಅವರಿಬ್ಬರೂ ಅಲ್ಲಿ ಏನು ಕಂಡುಕೊಂಡರೆಂದು ನೀವು ಕೇಳಬಹುದು. ನಾನು ಅವರ ಕೆನ್ನೆಗೆ ಒತ್ತಿಕೊಂಡೇ ಇರುವವನು, ನನಗೆ ಗೊತ್ತು. ವಾರವಿಡೀ ಮಕ್ಕಳ ಗದ್ದಲದಲ್ಲಿ ಸವೆದ ಮಾಸ್ತರರು ಉಸಿರನ್ನು ಅರ್ಧ ಬಿಟ್ಟು ಹಿಡಿದಾಗ ಅವರ ಎದೆಬಡಿತ ನನ್ನ ಹಿಡಿಯಲ್ಲಿ ಕೇಳಿಸುತ್ತಿತ್ತು. ಮೊದಲ ಗುಂಡಿಗೆ ದಡದಡ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಕೆರೆಯ ನೀರು. ಆಮೇಲೆ ಚುರುಮುರಿ ಗಿರ್ಮಿಟ್ಟಿನ ಪೊಟ್ಟಣ ಬಿಚ್ಚಿ ಇಬ್ಬರೂ ಮಧ್ಯಾಹ್ನದವರೆಗೆ ಹರಟುತ್ತಿದ್ದರು. 'ನೀವು' ಹೋಗಿ 'ನೀ' ಬಂತು. ಇಮಾಮಸಾಬರ ಹೆಂಡತಿ ತೀರಿಕೊಂಡ ವರ್ಷ ಮಾಸ್ತರರು ಒಂದು ರವಿವಾರವನ್ನೂ ತಪ್ಪಿಸಲಿಲ್ಲ. ಆಗ ಮಾತೇ ಇರಲಿಲ್ಲ. ಬರೀ ಹತ್ತು ಗುಂಡು, ಎರಡು ಕಪ್ಪು ಚಹಾ.

ಮಾಸ್ತರರು ನಿವೃತ್ತರಾಗಿ ಏಳೆಂಟು ವರ್ಷಗಳ ಮೇಲೆ, ದೀಪಾವಳಿಯ ಮುಂಚಿನ ಒಂದು ರವಿವಾರ, ತೊಂಬತ್ತರ ಕೆಳಗಿಳಿಯದವರ ಕಾರ್ಡು ಎಪ್ಪತ್ತೊಂದಕ್ಕೆ ಬಂತು. ಮರುವಾರ ಅರವತ್ತೆಂಟು. ಮಾಸ್ತರರು ನನ್ನನ್ನು ಮೇಜಿನ ಮೇಲಿಟ್ಟರು.

"ಇನ್ನ ಸಾಕೋ ಇಮಾಮ. ಕೈ ನಡಗಾಕತ್ತಾವು. ನಾಚಿಗಿಗೇಡು ಯಾಕ? ಮುಂದಿನ ವಾರದಿಂದ ನಾ ಬರೂದಿಲ್ಲ."

"ಹುಚ್ಚದಿ ಏನ ನೀ? ಎರಡ ವಾರಕ್ಕ ಹಂಗ ಅಂತಾರೇನು! ಮುಂದಿನ ವಾರ ಬಾ, ಆಮ್ಯಾಲ ನೋಡೂಣು," ಎಂದರು ಇಮಾಮಸಾಬರು. ಬಾಯಿ ನಗುತ್ತಿತ್ತು, ಮುಖ ಬಿಳಿಚಿಕೊಂಡಿತ್ತು.

ಮುಂದಿನ ರವಿವಾರ ನಾನು ಎದುರಿನ ಕಾರ್ಡು ನೋಡಿ ಬೆಚ್ಚಿಬಿದ್ದೆ. ಕರಿ ಚುಕ್ಕೆ ತುಸು ದಪ್ಪಗಾಗಿತ್ತು. ಮೊದಲು ನನಗೇ ವಯಸ್ಸಾಯಿತೆಂದುಕೊಂಡೆ. ಆದರೆ ಯುಗಾದಿಯ ಹೊತ್ತಿಗೆ ಅದು ಇನ್ನಷ್ಟು ಬೆಳೆಯಿತು, ಉಂಗುರಗಳೂ ಅದರ ಜೊತೆಗೇ ಬೆಳೆದವು. ಇಮಾಮಸಾಬರು ಗುಟ್ಟಾಗಿ ದೊಡ್ಡ ಬ್ಲಾಕುಗಳನ್ನು ಮಾಡಿಸಿದ್ದರು. ಕಾರ್ಡು ಓದುವವರು ಅವರೇ, ಸಹಿಯೂ ಅವರದೇ. "ಎಂಬತ್ತೈದು!" ಎನ್ನುತ್ತಿದ್ದರು. "ತೊಂಬತ್ತು! ನೋಡಪಾ, ನಾ ಹೇಳಲಿಲ್ಲ?" ಮಾಸ್ತರರ ಕಣ್ಣಿಗೆ ಆ ಚುಕ್ಕೆ ಮಂಜಿನೊಳಗೆ ಕರಗಿ, ಮೊದಲಿನಷ್ಟೇ ಕಾಣುತ್ತಿತ್ತೋ ಏನೋ. ಅವರು ಚಹಾ ಹೀರುತ್ತ, ಎದೆಯುಬ್ಬಿಸಿ ಕೂರುತ್ತಿದ್ದರು. ಸುಳ್ಳಾದರೂ ಸವಿಯಾಗಿತ್ತು. ನನಗೂ ಏನೂ ತಪ್ಪೆನಿಸಲಿಲ್ಲ, ಅದನ್ನು ಮುಚ್ಚಿಡಲಾರೆ.

ಆಮೇಲೊಂದು ಬುಧವಾರ ಮಾಸ್ತರರ ಹೆಂಡತಿ ನೀಲವ್ವ ಪ್ರೆಸ್ಸಿಗೆ ಬಂದರು. ನಿಂತುಕೊಂಡೇ ಮಾತು ಶುರುಮಾಡಿದರು.

"ಇಮಾಮಣ್ಣಾರ, ನೀವರ ಹೇಳ್ರಿ ಇವರಿಗೆ. ಕುಡಿಯೂ ನೀರು ವಾಟಗದಾಗ ಹಾಕೂದ ಬಿಟ್ಟು ಹೊರಗ ಹಾಕ್ತಾರ. ಬಾಗಲದ ಚೌಕಟ್ಟು ಡೊಂಕ ಆಗೇತಿ, ಗೌಂಡಿನ್ನ ಕರಸು ಅಂತಾರ. ಚೌಕಟ್ಟು ಸೆಟದ ನಿಂತೈತಿ, ಡೊಂಕ ಇವರ ಕಣ್ಣಾಗ ಐತಿ. ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಸೂಣು ಬರ್ರಿ ಅಂದ್ರ ಇದನ್ನ ತೋರಸ್ತಾರ."

ಸೆರಗಿನಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ತೊಂಬತ್ನಾಲ್ಕು. ಕೆಳಗೆ ಇಮಾಮಸಾಬರ ಸಹಿ.

"'ಕಣ್ಣ ಹ್ವಾದವ ತೊಂಬತ್ನಾಲ್ಕ ಹೊಡೀತಾನೇನ, ಇಮಾಮ ಸಹಿ ಮಾಡ್ಯಾನ ನೋಡು' ಅಂತಾರ. ಅದಕ್ಕ ನಾ ಏನ ಹೇಳ್ಲಿ?"

"ನಾ ಹೇಳ್ತೇನ್ರೀ ಅಕ್ಕಾರ," ಎಂದರು ಇಮಾಮಸಾಬರು. ನೀಲವ್ವ ಹೋದ ಮೇಲೆ ಬಂದು ಹಿಂದಿನ ಕೋಣೆಯಲ್ಲಿ ರದ್ದಿಯ ಗಂಟಿನ ಮೇಲೆ ಕೂತು ತಲೆ ಮೇಲೆ ಕೈ ಹೊತ್ತರು. ಹೇಳಿದರೆ ಗೆಳೆಯ ಹೋಗುತ್ತಾನೆ, ಹೇಳದಿದ್ದರೆ ಗೆಳೆಯನ ಕಣ್ಣು ಹೋಗುತ್ತದೆ. ನನಗೆ ಬಾಯಿಯಿಲ್ಲದ್ದಕ್ಕೆ ಅಂದು ಮೊದಲ ಸಲ ನಾಚಿಕೆಯಾಯಿತು. ಎಲ್ಲ ಕಂಡಿದ್ದೆ, ಎಲ್ಲ ನುಂಗಿದ್ದೆ.

ರವಿವಾರ ಮಾಸ್ತರರು ಬಂದು ನನ್ನತ್ತ ಕೈಚಾಚಿದಾಗ ಇಮಾಮಸಾಬರು ತಡೆದರು.

"ಇವತ್ತ ಹೊಡ್ಯೂದು ಆಮ್ಯಾಲ. ಮೊದಲ ಇವನ್ನ ಹಿಡಿ."

ಒಂದರ ಪಕ್ಕಕ್ಕೊಂದು ನಾಲ್ಕು ಬ್ಲಾಕುಗಳನ್ನು ಮಾಸ್ತರರ ಮುಂದೆ ಇಟ್ಟರು. ಮೂವತ್ತು ವರ್ಷ ಕರಿ ಹಲಗೆಯ ಮೇಲೆ ಕೈವಾರವಿಲ್ಲದೆ ವೃತ್ತ ಬರೆದ ಕೈ ಅದು. ಹೆಬ್ಬೆರಳು ಮೊದಲ ಬ್ಲಾಕಿನ ಅಂಚು ಸುತ್ತಿ ಬಂತು. ಎರಡನೆಯದು. ಮೂರನೆಯದು. ನಾಲ್ಕನೆಯದರ ಮೇಲೆ ಬೆರಳು ಅರ್ಧಕ್ಕೇ ನಿಂತಿತು.

"ಯಾವಾಗಿನಿಂದ?"

"ದೀಪಾವಳಿಯಿಂದ. ಏಳು ತಿಂಗಳಾತು."

"ಯಾಕ?"

"ಬರೂದಿಲ್ಲ ಅಂದಿದ್ದಿ. ಮನ್ಯಾಗ ಆಕಿ ಇಲ್ಲ. ರವಿವಾರಾನೂ ಇಲ್ಲಾಂದ್ರ ನಾ ಏನ ಮಾಡ್ಲಿ? ನಿನ್ನ ಕಣ್ಣ ಹೋಗಾಕತ್ತೈತಿ ಅನ್ನೂದು ನನ್ನ ತಲ್ಯಾಗ ಬರಲಿಲ್ಲೋ. ವಯಸ್ಸಾತು, ಕೈ ನಡಗತೈತಿ ಅಂದ್ಕೊಂಡೆ. ನಾಳೆನ ಹುಬ್ಬಳ್ಳಿಗೆ ಹೋಗು, ಕೈ ಮುಗೀತೀನಿ."

ಮಾಸ್ತರರು ಎದ್ದರು. ಚಪ್ಪಲಿ ಹುಡುಕಲು ಕಾಲಿನಿಂದ ನೆಲ ಸವರಿದರು.

"ಆತ್ರೀ ಕಾಗದಗಾರರ. ನಾ ಬರ್ತೇನ್ರಿ," ಎಂದರು.

ಹದಿನೈದು ವರ್ಷಗಳ 'ನೀ' ಒಂದು ಕ್ಷಣದಲ್ಲಿ 'ರೀ' ಆಗಿ ಹೊರಟುಹೋಯಿತು. ಅವರು ನನ್ನನ್ನು ಮುಟ್ಟದೆ ಹೋಗಿದ್ದು ಅದೇ ಮೊದಲು.

ಏಳು ರವಿವಾರ ಅವರು ಬರಲಿಲ್ಲ. ಇಮಾಮಸಾಬರು ಮಾತ್ರ ತಪ್ಪದೆ ಕೋಣೆಯ ಬಾಗಿಲು ತೆರೆಯುತ್ತಿದ್ದರು, ನನಗೆ ಎಣ್ಣೆ ಹಚ್ಚಿ ಒರೆಸುತ್ತಿದ್ದರು, ಎರಡು ಕಪ್ಪು ಚಹಾ ಮಾಡುತ್ತಿದ್ದರು. ತಮ್ಮದನ್ನು ಕುಡಿದು, ಇನ್ನೊಂದು ಆರಿದ ಮೇಲೆ ಅದನ್ನೂ ತಾವೇ ಕುಡಿದು, ಬಾಗಿಲು ಹಾಕುತ್ತಿದ್ದರು.

ಎಂಟನೆಯ ರವಿವಾರ ಹೊರಗೆ ಚಪ್ಪಲಿಯ ಸದ್ದಾಯಿತು. ಮಾಸ್ತರರು ಬಾಗಿಲ ಚೌಕಟ್ಟನ್ನು ಕೈಯಿಂದ ಮುಟ್ಟಿ ಒಳಗೆ ಬಂದರು. ಕರಿ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು.

"ಬಲಗಣ್ಣಿನ ನಡುವಿನ ಭಾಗ ಹೋಗೇತಂತ. ಬದೀಲಿಂದ ಕಾಣಸ್ತೈತಿ, ನಟ್ಟನಡುವ ಮಸಿ ಒರೆಸಿದಂಗ. ಆರ ತಿಂಗಳ ಮೊದಲ ಬಂದಿದ್ರ ಉಳಸ್ತಿದ್ವಿ ಅಂದ್ರು."

ಇಮಾಮಸಾಬರು ತಲೆ ಎತ್ತಲಿಲ್ಲ.

"ಎಡಗಣ್ಣಿಗೂ ಶುರುವಾಗಿತ್ತಂತ. ಸರಿಯಾದ ವ್ಯಾಳ್ಯಾಕ ಬಂದ್ರಿ, ಇಂಜೆಕ್ಷನ್ ಕೊಟ್ರ ಅದು ಉಳೀತೈತಿ ಅಂದ್ರು. ಮೂರ ಕೊಟ್ಟಾರ. ಒಂದ ಕಣ್ಣ ನೀ ಕಳದಿ, ಒಂದ ಕಣ್ಣ ನೀ ಉಳಿಸಿದಿ. ಲೆಕ್ಕಾ ಹಚ್ಚಾಕ ನನಗ ಬರೂದಿಲ್ಲಪಾ, ನಾ ಡ್ರಾಯಿಂಗ್ ಮಾಸ್ತರ. ಮನ್ಯಾಗ ಕುಂತ್ರ ಸಿಟ್ಟ ಇಳೀತೈತಿ ಅಂದ್ಕೊಂಡಿದ್ದೆ. ಇಳಿಲಿಲ್ಲ. ಅದಕ್ಕ ಇಲ್ಲೇ ಬಂದೆ."

ಆಮೇಲೆ ಅವರೇ ಕೇಳಿದರು: "ಆ ಸಣ್ಣ ಬ್ಲಾಕ್ ಐತೇನು?"

"ಐತಿ," ಎಂದರು ಇಮಾಮಸಾಬರು. ಮುಂದಿನ ಕೋಣೆಗೆ ಹೋಗಿ, ಕಾಲಿಂದ ಮಷೀನು ತುಳಿದು, ಒಂದೇ ಒಂದು ಕಾರ್ಡು ಅಚ್ಚು ಹಾಕಿದರು.

ಮಾಸ್ತರರು ನನ್ನನ್ನು ಎತ್ತಿ ಎಡ ಭುಜಕ್ಕಿಟ್ಟುಕೊಂಡರು. ಇಷ್ಟು ವರ್ಷ ಅವರ ಬಲಗೆನ್ನೆ ತಿಕ್ಕಿ ಹೊಳಪಾಗಿದ್ದ ನನ್ನ ಹಿಡಿಗೆ ಎಡಗೆನ್ನೆ ಬಂದು ತಾಗಿತು. ಹೊಸ ಸೊಸೆ ಅಡಿಗೆಮನೆಗೆ ಬಂದಂತೆ ಎಲ್ಲವೂ ತಡವರಿಕೆ. ಎದೆ ದಡದಡ ಹೊಡೆದುಕೊಳ್ಳುತ್ತಿತ್ತು. ಗುಂಡು ಹಾರಿತು.

"ಎಲ್ಲಿ?"

ಇಮಾಮಸಾಬರು ಹೋಗಿ ನೋಡಿದರು. ಅವರ ತುಟಿಗಳು ಹಳೆಯ ಅಭ್ಯಾಸದಂತೆ ಒಂದು ಒಳ್ಳೆಯ ಅಂಕಿಗೆ ಸಿದ್ಧವಾದದ್ದನ್ನು ನಾನು ಕಂಡೆ. ಅವರು ಅದನ್ನು ನುಂಗಿಕೊಂಡರು.

"ರದ್ದ್ಯಾಗ."

"ಖರೇನ?"

"ಖರೇ. ಕಾರ್ಡಿಗಿ ಮುಟ್ಟೇ ಇಲ್ಲ."

ಮಾಸ್ತರರು ಜೋರಾಗಿ ನಕ್ಕರು. ಎರಡನೆಯದೂ ರದ್ದಿಗೆ, ಮೂರನೆಯದೂ ರದ್ದಿಗೆ. ಹತ್ತು ಗುಂಡಿಗೆ ಒಟ್ಟು ಹನ್ನೊಂದು ಬಂತು. ಇಮಾಮಸಾಬರು ಹಾಗೆಯೇ ಬರೆದು ಸಹಿ ಹಾಕಿದರು. ಆಮೇಲೆ ಮಾಸ್ತರರು ತಮ್ಮ ಜೀವನದಲ್ಲಿ ಮೊದಲ ಸಲ ಚಹಾ ಮಾಡಿದರು. ಸಕ್ಕರೆ ಎರಡು ಸಲ ಹಾಕಿ, ಚಹಾಪುಡಿ ಹಾಕುವುದನ್ನು ಮರೆತಿದ್ದರು. ಬರೀ ಬಿಸಿ ಹಾಲನ್ನು ಇಬ್ಬರೂ ತಳ ಕಾಣುವವರೆಗೆ ಕುಡಿದರು.

ಆಮೇಲೆ ಒಂದೂವರೆ ವರ್ಷ ಮಾಸ್ತರರು ಚಹಾ ಮಾಡಿದರು. ಚಹಾ ಸುಧಾರಿಸಿತು. ಗುರಿಯೂ ಇಷ್ಟಿಷ್ಟೇ ಸುಧಾರಿಸಿತು. ಈ ನಡುವೆ ನನ್ನ ಸ್ಪ್ರಿಂಗು ಸೋಲತೊಡಗಿತ್ತು, ಗುಂಡು ಕಾರ್ಡು ಮುಟ್ಟುವುದೇ ಕಷ್ಟವಾಗಿತ್ತು. ನನ್ನ ಕೊನೆಯ ರವಿವಾರ, ಮಾಸ್ತರರ ಹತ್ತನೆಯ ಗುಂಡು ಹಾರಿದಾಗ ಇಮಾಮಸಾಬರು ಕಾರ್ಡಿನ ಹತ್ತಿರ ಹೋಗಿ ಬಗ್ಗಿ ಬಗ್ಗಿ ನೋಡಿದರು.

"ಎಲ್ಲಿ ಬಿತ್ತೋ? ರದ್ದ್ಯಾಗೇನು?"

"ಹತ್ತು," ಎಂದರು ಇಮಾಮಸಾಬರು. ಹೇಳಿ, ತಾವೇ ಹೆದರಿದರು. ಕಾರ್ಡು ತಂದು ಮಾಸ್ತರರ ಕೈಗಿಟ್ಟರು. "ನೀನ ಮುಟ್ಟಿ ನೋಡು. ನೋಡಪಾ, ಬೆರಳಿಗಿ ಸಿಗತೈತಿ."

ಅಚ್ಚಿನ ಉಂಗುರಗಳು ಕಾರ್ಡಿನ ಹಿಂದೆ ಉಬ್ಬಿರುತ್ತವೆ. ಹೆಬ್ಬೆರಳು ಒಮ್ಮೆ ಸವರಿದರೆ ಸಾಕು, ತೂತು ಎಲ್ಲಿದೆಯೆಂದು ಮಾಸ್ತರರಿಗೆ ತಿಳಿಯುತ್ತಿತ್ತು. ಅವರ ಹೆಬ್ಬೆರಳು ಕಾರ್ಡಿನ ಅಂಚಿನವರೆಗೆ ಬಂತು, ಅಲ್ಲೇ ನಿಂತಿತು. ಕಾರ್ಡನ್ನು ಹಾಗೆಯೇ ತಿರುಗಿ ಗೆಳೆಯನ ಮುಂದೆ ಹಿಡಿದರು.

"ತನ್ನ ಕಾರ್ಡು ತಾ ಓದಬಾರದಲ್ಲೋ. ಸಹಿ ಹಾಕು."

ಈಗ ನಾನು ಆ ಸ್ಟೋವಿನ ಮೇಲಿನ ಮೊಳೆಗೆ ತೂಗಿಕೊಂಡಿದ್ದೇನೆ. ಅವರಿಬ್ಬರ ಕೈಯಲ್ಲಿ ಹೊಸದೊಂದು ಏರ್‌ಗನ್ ಇದೆ. ಅದು ನೆಟ್ಟಗೆ ಹೊಡೆಯುತ್ತದೆಂದು ಹೊಗಳುತ್ತಾರೆ, ಹೊಗಳಲಿ. ಪ್ರತಿ ರವಿವಾರ ಚಹಾದ ಹಬೆ ನನ್ನ ನಳಿಗೆಗೆ ತಾಗುತ್ತದೆ, "ರದ್ದ್ಯಾಗ!" ಎಂಬ ಕೂಗಿಗೆ ಇಬ್ಬರೂ ನಗುವುದು ಕೇಳಿಸುತ್ತದೆ. ಆ ಕೊನೆಯ ಗುಂಡನ್ನು ಗುರಿಯವರೆಗೂ ನೋಡಿದವನು ನಾನೊಬ್ಬನೇ. ಬಾಯಿಯಿದ್ದಿದ್ದರೆ ನಾನೂ ಹೇಳುತ್ತಿದ್ದೆ. ಅದು ಹತ್ತೇ.