ಕೂದಲು ಯಾವ ಡಬ್ಬಿಗೆ?

ಪೇಟೆಬೀದಿಯ ತಿರುವಿನಲ್ಲಿ ಕಟಿಂಗ್ ಶಾಪ್ ಇಟ್ಟುಕೊಂಡಿದ್ದವರಿಗೆ ಗಿರಾಕಿಗಳು ಇಟ್ಟ ಹೆಸರು ಹ್ಞೂಂ ಮಾಸ್ಟರು. ಕುರ್ಚಿಯಲ್ಲಿ ಕೂತವರು ಏನೇ ಹೇಳಲಿ, ಮೊಣಕಾಲು ನೋವಿನ ಕಥೆಯಾಗಲಿ, ಭಾವಮೈದುನನ ಜೊತೆಗಿನ ಜಗಳವಾಗಲಿ, ಮಾಸ್ಟರು ಕತ್ತರಿ ಆಡಿಸುತ್ತಾ "ಹ್ಞೂಂ" ಅನ್ನುತ್ತಿದ್ದರು. ಬೆಂಬಲ ಬೇಕಾದವರು ಅದರಲ್ಲಿ ಬೆಂಬಲ ಕಾಣುತ್ತಿದ್ದರು, ಸಮಾಧಾನ ಬೇಕಾದವರು ಸಮಾಧಾನ. ಮಾಸ್ಟರ ಗಮನವೆಲ್ಲ ಕಿವಿಯ ಹಿಂದಿನ ಕೂದಲ ಮೇಲೇ ಇರುತ್ತಿತ್ತು ಅನ್ನುವುದು ಯಾರಿಗೂ ತಿಳಿದಿರಲಿಲ್ಲ.

ಅಂಗಡಿಯ ಮೇಲೆಯೇ ಮನೆ. ಅಲ್ಲಿ ಅವರ ಹೆಂಡತಿ ಮತ್ತು ಹೆಂಡತಿಯ ತಾಯಿ. ಅತ್ತೆ ಇವರ ಜೊತೆ ಬಂದಿರತೊಡಗಿ ವರ್ಷಗಳೇ ಆಗಿದ್ದವು. ಮಾಸ್ಟರಿಗೆ ನೆನಪಿದ್ದಂತೆ ಅಷ್ಟೂ ಕಾಲ ಅವರು ಅಳಿಯನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಯಾಕೆ ಅನ್ನುವುದು ಮಾಸ್ಟರಿಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಮಾತೆಲ್ಲ ಮಗಳ ಮೂಲಕ ನಡೆಯಬೇಕು.

"ನಿನ್ನ ಗಂಡನಿಗೆ ಹೇಳು, ಬಚ್ಚಲ ಬಲ್ಬು ಹೋಗಿದೆ ಅಂತ," ಎಂದು ಅತ್ತೆ ಹೇಳುವಾಗ ಮಾಸ್ಟರು ಪಕ್ಕದಲ್ಲೇ ಊಟಕ್ಕೆ ಕೂತಿರುತ್ತಿದ್ದರು.

"ನಿಮ್ಮಮ್ಮನಿಗೆ ಹೇಳು, ನಾಳೆ ಹಾಕ್ತೀನಿ ಅಂತ."

"ಇಬ್ಬರಿಗೂ ಕೇಳಿಸ್ತು ತಾನೆ?" ಎಂದು ಹೆಂಡತಿ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ಆಕೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಹೊಸ ಮೆಷಿನ್ ಬಂತು, ಕಲಿತು ಬಾ ಎಂದು ಕಾರ್ಖಾನೆಯವರು ಅವಳನ್ನು ಬೇರೆ ಊರಿಗೆ ಕಳಿಸಿದರು. ಹೊರಡುವಾಗ ತಾಯಿಯ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಏನೋ ಹೇಳಹೊರಟವಳು ಬಸ್ಸಿಗೆ ಹೊತ್ತಾಯಿತೆಂದು ಸುಮ್ಮನೆ ಚೀಲ ಹೆಗಲಿಗೇರಿಸಿದಳು.

ಊರಿನಲ್ಲಿ ಕಸದ ಹೊಸ ನಿಯಮ ಬಂದದ್ದೂ ಆಗಲೇ. ಹಸಿ ಕಸ ಹಸಿರು ಡಬ್ಬಿಗೆ, ಒಣ ಕಸ ನೀಲಿಗೆ, ಬ್ಲೇಡು, ಔಷಧಿ, ಗಾಜಿನ ಚೂರು ಕೆಂಪಿಗೆ. ಮನೆಯ ಕಸಕ್ಕೆ ದಿನಾ ಬೆಳಿಗ್ಗೆ ಒಂದು ಗಾಡಿ. ಅಂಗಡಿಯ ಕಸವನ್ನು ಮನೆಯದಕ್ಕೆ ಬೆರೆಸುವ ಹಾಗಿಲ್ಲ; ಬೂದು ಬಣ್ಣದ ಚೀಲದಲ್ಲಿ ಕಟ್ಟಿ ಗುರುವಾರದ ಗಾಡಿಗೇ ಕೊಡಬೇಕು.

ಮೂರು ಡಬ್ಬಿಗಳು ಅಡುಗೆಮನೆಯ ಮೂಲೆಗೆ ಬಂದ ದಿನವೇ ಮಾತು ದಾಟಿಸಲು ಮಗಳಿಲ್ಲದ ತೊಂದರೆಗೆ ಅತ್ತೆ ದಾರಿ ಕಂಡುಕೊಂಡರು.

"ನೀಲಿ ಡಬ್ಬೀ," ಎಂದರು ಗಟ್ಟಿಯಾಗಿ, "ನಿನ್ನ ಹೊಟ್ಟೆಗೆ ಯಾರೋ ಟೀ ಚರಟ ಸುರಿದಿದ್ದಾರಲ್ಲೇ! ನಿನ್ನ ಗತಿ ಏನು?"

ಮಾಸ್ಟರು ಬಾಗಿಲಲ್ಲಿ ನಿಂತಿದ್ದರು. ಸ್ವಲ್ಪ ಹೊತ್ತು ಯೋಚಿಸಿ ಹಸಿರು ಡಬ್ಬಿಯ ಕಡೆ ತಿರುಗಿದರು. "ಹಸಿರು ಡಬ್ಬೀ, ನಿದ್ದೆಗಣ್ಣಲ್ಲಿ ತಪ್ಪಾಯ್ತು. ಇನ್ಮೇಲೆ ನಿನಗೇ ಹಾಕ್ತೀನಿ."

ಅಂದಿನಿಂದ ಮನೆಯ ವ್ಯವಹಾರವೆಲ್ಲ ಡಬ್ಬಿಗಳ ಮುಖಾಂತರ ನಡೆಯಿತು. ಊಟ ತಣ್ಣಗಾಗುತ್ತಿರುವ ಸುದ್ದಿ ಹಸಿರಿಗೆ, ಗ್ಯಾಸ್ ಮುಗಿದ ಸುದ್ದಿ ಕೆಂಪಿಗೆ. ಹೆಂಡತಿಗಿಂತ ಇವೇ ವಾಸಿ ಅಂತಲೂ ಮಾಸ್ಟರಿಗೆ ಒಮ್ಮೊಮ್ಮೆ ಅನ್ನಿಸಿತು. ಡಬ್ಬಿಗಳು ಮುಖ ಸಿಂಡರಿಸುತ್ತಿರಲಿಲ್ಲ.

ಫಜೀತಿ ಶುರುವಾದದ್ದು ಗುರುವಾರ. ಅಂಗಡಿ ಗಾಡಿಗೆ ಹಸಿ, ಒಣ ಎಂದು ಎರಡು ಭಾಗ, ಒಂದೊಂದಕ್ಕೂ ಒಬ್ಬೊಬ್ಬ ಆಳು. ಮಾಸ್ಟರು ಬೂದು ಚೀಲವನ್ನು ಒಣ ಕಸದವನ ಮುಂದೆ ಇಟ್ಟರು. ಅವನು ಚೀಲದ ಬಾಯಿ ಬಿಚ್ಚಿ ಒಳಗೆ ಇಣುಕಿದ.

"ಇದೇನು ಮಾಸ್ಟರೇ, ಕೂದಲಾ? ಮನುಷ್ಯನ ಮೈಯಿಂದ ಬಂದದ್ದು, ಇವತ್ತಲ್ಲ ನಾಳೆ ಕೊಳೆಯುತ್ತೆ. ಇದು ಹಸಿ. ಆ ಕಡೆ ಕೊಡಿ."

ಹಸಿ ಕಸದವನು ಒಂದು ಹಿಡಿ ತೆಗೆದು ಎಲ್ಲರಿಗೂ ಕಾಣುವಂತೆ ಹಿಂಡಿದ. "ಒಂದು ಹನಿಯಾದ್ರೂ ಬಂತಾ? ಎಲ್ಲಿಂದ ಹಸಿ? ಗರಿಗರಿ ಒಣಗಿದೆ. ಅವನಿಗೇ ಕೊಡಿ."

ಇಬ್ಬರೂ ಜಗಳಕ್ಕೆ ನಿಂತರು. ಮಾಸ್ಟರು ಅವನಿಗೂ "ಹ್ಞೂಂ" ಅಂದರು, ಇವನಿಗೂ "ಹ್ಞೂಂ" ಅಂದರು, ಚೀಲವನ್ನು ಎತ್ತಿಕೊಂಡು ಒಳಗೆ ಬಂದರು.

ಮುಂದಿನ ಗುರುವಾರವೂ ಅದೇ ಹಾಡು. ಜನರ ಕೂದಲು ನಿಯಮ ಕೇಳಿಕೊಂಡು ಬೆಳೆಯುತ್ತದೆಯೇ? ಚೀಲಗಳು ಗೋಡೆಯುದ್ದಕ್ಕೂ ಸಾಲಾಗಿ ಕೂತವು. ಸರದಿಗಾಗಿ ಕಾಯುತ್ತಿದ್ದ ಪೋಸ್ಟ್‌ಮ್ಯಾನ್ ಒಂದರ ಮೇಲೆ ಕುಳಿತು ಹಿಂದಕ್ಕೊರಗಿ, "ಆಹಾ! ಮೆತ್ತಗಿದೆ. ಈ ಸೋಫಾ ಎಲ್ಲಿ ತಗೊಂಡ್ರಿ ಮಾಸ್ಟರೇ?" ಎಂದು ಕೇಳಿದ.

"ಹ್ಞೂಂ," ಅಂದರು ಮಾಸ್ಟರು. ಪೋಸ್ಟ್‌ಮ್ಯಾನ್ ಎದ್ದು ಹೋಗುವವರೆಗೂ ಸೀನುತ್ತಲೇ ಇದ್ದ.

ಅತ್ತೆ ಬಾಲ್ಕನಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ರಾತ್ರಿ ಊಟದ ಹೊತ್ತಿಗೆ ಕೆಂಪು ಡಬ್ಬಿಯನ್ನು ಮಾತಿಗೆಳೆದರು. "ಕೆಂಪು ಡಬ್ಬೀ, ಮೂಟೆ ಹೊತ್ತು ಹೊರಗೆ ಹೋಗಿ ಅದೇ ಮೂಟೆ ಹೊತ್ತು ಒಳಗೆ ಬರೋ ಗಂಡಸನ್ನ ಎಲ್ಲಾದ್ರೂ ಕಂಡಿದ್ದೀಯಾ?"

ಮಾಸ್ಟರು ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿಕೊಂಡರು.

ಮಾರನೆಯ ಬೆಳಿಗ್ಗೆ ಅವರು ಅಂಗಡಿಯ ಬಾಗಿಲು ಎತ್ತುತ್ತಿದ್ದಾಗ ಪಕ್ಕದ ಗೇಟಿನ ಬಳಿ ಮಾತು ಕೇಳಿಸಿತು. ಇಣುಕಿ ನೋಡಿದರು. ಮನೆಯ ಗಾಡಿಗೆಂದು ಇಟ್ಟ ಡಬ್ಬಿಗಳ ಪಕ್ಕದಲ್ಲಿ ಅಂಗಡಿಯ ಒಂದು ಚೀಲ. ಅದರ ಈ ಕಡೆ ಅತ್ತೆ. ಆ ಕಡೆ ಕಸದ ಇನ್ಸ್‌ಪೆಕ್ಟರಮ್ಮ, ಕೈಗೆ ಗವಸು ಹಾಕಿ ಚೀಲದೊಳಗೆ ಮೊಣಕೈವರೆಗೂ ಇಳಿದಿದ್ದಾರೆ.

"ಇದು ಮನೆ ಕಸಾನಾ ಅಮ್ಮ?"

"ಹೌದು. ನನ್ನ ತಲೆಯಿಂದ ಉದುರಿದ್ದು."

"ಇಷ್ಟೊಂದಾ?"

"ಚಿಂತೆ ತಾಯಿ. ಅಳಿಯನ ಚಿಂತೆ."

ಇನ್ಸ್‌ಪೆಕ್ಟರಮ್ಮ ಅತ್ತೆಯ ತಲೆ ನೋಡಿದರು. "ಅಷ್ಟು ದೊಡ್ಡ ತುರುಬು ಹಾಗೇ ಇದೆಯಲ್ಲ?"

"ಇದು ಉದುರಿ ಉಳಿದದ್ದು."

ಇನ್ಸ್‌ಪೆಕ್ಟರಮ್ಮ ಚೀಲದಿಂದ ಬೆರಳ ತುದಿಯಲ್ಲಿ ಏನನ್ನೋ ಎತ್ತಿದರು. "ಇದು ಮೀಸೆ. ಇದೂ ನಿಮ್ಮದಾ?"

ಅತ್ತೆ ಬಾಯಿ ತೆರೆದರು, ಮಾತು ಹೊರಡಲಿಲ್ಲ. ಯಾವತ್ತೂ ಮಾತಿಗೆ ತಡಕಾಡದ ಅತ್ತೆ ಹಾಗೆ ನಿಂತದ್ದನ್ನು ನೋಡಿ ಮಾಸ್ಟರಿಗೆ ಏನಾಯಿತೋ. ತನಗೋಸ್ಕರ ತಾನೆ ಈ ಹೆಂಗಸು ಅಷ್ಟು ಭಾರದ ಚೀಲ ಎಳೆದುಕೊಂಡು ಬಂದದ್ದು? ಕಾಲುಗಳು ತಾವಾಗಿಯೇ ಗೇಟಿನ ಕಡೆ ನಡೆದವು.

"ಮೀಸೆ ನಂದು ಮೇಡಂ," ಅಂದರು.

ಇನ್ಸ್‌ಪೆಕ್ಟರಮ್ಮ ಅವರ ಮುಖ ನೋಡಿದರು. ಮೂಗಿನ ಕೆಳಗೆ ಕಪ್ಪಗೆ, ದಪ್ಪಗೆ, ಎರಡೂ ತುದಿ ಮೇಲಕ್ಕೆ ತಿರುವಿದ ಮೀಸೆ ಊರಿಗೆಲ್ಲ ಕಾಣುವಂತೆ ಇತ್ತು.

"ಬೇಗ ಬೆಳೆಯುತ್ತೆ," ಅಂದರು ಮಾಸ್ಟರು.

"ಗುರುವಾರ ಮತ್ತೆ ಬರ್ತೀನಿ," ಎಂದು ಇನ್ಸ್‌ಪೆಕ್ಟರಮ್ಮ ಗವಸು ಕಳಚಿದರು. "ಅಷ್ಟರಲ್ಲಿ ಇಬ್ಬರೂ ಕೂತು ನಿಜ ಏನೂಂತ ತೀರ್ಮಾನ ಮಾಡ್ಕೊಳ್ಳಿ." ತುಟಿಯಂಚಿಗೆ ಬಂದ ನಗುವನ್ನು ನುಂಗಿಕೊಂಡೇ ಹೋದರು ಅನ್ನಿಸಿತು.

ಸಂಜೆ ಕೊನೆಯ ಗಿರಾಕಿ ಹೋದ ಮೇಲೆ ಮಾಸ್ಟರು ಕನ್ನಡಿ ಒರೆಸುತ್ತಿದ್ದರು. ಒಳಗಿನ ಮೆಟ್ಟಿಲು ಇಳಿದು ಅತ್ತೆ ಬಂದರು. ಸುತ್ತ ನೋಡಿದರು. ಅಂಗಡಿಯಲ್ಲಿ ಮಾತಾಡಿಸಲು ಡಬ್ಬಿ ಇರಲಿಲ್ಲ. ಸೀದಾ ಹೋಗಿ ಕುರ್ಚಿಯಲ್ಲಿ ಕೂತರು.

"ಕತ್ತರಿಸಿ," ಅಂದರು.

"ಏನನ್ನ ಅತ್ತೆ?"

"ಏನನ್ನ ಅಂದ್ರೆ? ಕೂದಲನ್ನ! ಸುಳ್ಳು ಹೇಳಿದ್ದಂತೂ ಆಯ್ತು, ಅದಕ್ಕೆ ಒಂಚೂರು ನಿಜಾನೂ ಬೆರೆಸಬೇಕಲ್ಲ. ಹೆಂಗೂ ಈ ತುರುಬು ಹೊತ್ತು ಹೊತ್ತು ಕತ್ತು ಬಿದ್ದುಹೋಗಿದೆ."

ಮಾಸ್ಟರು ಬಿಳಿ ಬಟ್ಟೆ ಹೊದಿಸಿದರು. ತುರುಬು ಬಿಚ್ಚಿದರೆ ಕೂದಲು ಕುರ್ಚಿಯ ಬೆನ್ನು ದಾಟಿ ಇಳಿಯಿತು. ಬಾಚಣಿಗೆಯಿಂದ ಸಿಕ್ಕು ಬಿಡಿಸಿ ಮೊದಲ ಕತ್ತರಿ ಹಾಕಿದರು. ಅತ್ತೆ ಕನ್ನಡಿಯಲ್ಲಿ ಅವರನ್ನೇ ನೋಡುತ್ತಿದ್ದರು.

"ಒಂದು ಮಾತು ಕೇಳ್ತೀನಿ," ಅಂದರು. "ನಾನು ಪೆಟ್ಟಿಗೆ ಹಿಡ್ಕೊಂಡು ಬಂದ ದಿನ ಈ ಬಾಗಿಲಲ್ಲೇ ನಿಂತು ನಿಮ್ಮನ್ನ ಕೇಳಿದ್ದೆ, 'ನಾನು ಬಂದದ್ದು ನಿಮಗೆ ಭಾರ ಆಯ್ತೇನೋ' ಅಂತ. ಏನಂದ್ರಿ ನೆನಪಿದೆಯಾ?"

ಮಾಸ್ಟರಿಗೆ ನೆನಪಿರಲಿಲ್ಲ. ಆದರೆ ಏನಂದಿರಬಹುದು ಅನ್ನುವುದು ತಕ್ಷಣ ಹೊಳೆಯಿತು. ಕತ್ತರಿ ಗಾಳಿಯಲ್ಲೇ ನಿಂತಿತು.

"ಅಯ್ಯೋ, ಅತ್ತೆ."

"ಹ್ಞೂಂ ಅಂದ್ರಿ. ತಿರುಗಿ ಕೂಡ ನೋಡ್ಲಿಲ್ಲ."

"ನಾನು ಎಲ್ಲರಿಗೂ ಹಂಗೇ ಅನ್ನೋದು ಅತ್ತೆ! ಕೈಯಲ್ಲಿ ಕತ್ತರಿ ಇದ್ರೆ ನನಗೆ ಮಾತು ಕಿವಿಗೇ ಬೀಳಲ್ಲ. ಒಂದ್ಸಲ ಪಕ್ಕದವರು ಓಡಿ ಬಂದು, ನಿಮ್ಮ ಬೋರ್ಡಿಗೆ ಬೆಂಕಿ ಹತ್ತಿದೆ ಅಂದ್ರು. ಅದಕ್ಕೂ ಹ್ಞೂಂ ಅಂದಿದ್ದೆ. ಅವರೇ ನೀರು ಹಾಕಿದ್ರು."

ಬಿಳಿ ಬಟ್ಟೆಯ ಅಡಿಯಲ್ಲಿ ಅತ್ತೆಯ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಮಾಸ್ಟರು ಹೆದರಿ ಮುಂದೆ ಬಂದು ಬಗ್ಗಿ ನೋಡಿದರೆ ಅತ್ತೆ ನಗುತ್ತಿದ್ದರು. ನಗುನಗುತ್ತಲೇ ಕಣ್ಣಲ್ಲಿ ನೀರೂ ಇತ್ತು.

"ನೋಡಿ ನನ್ನ ಬುದ್ಧೀನ," ಅಂದರು. "ಇಷ್ಟು ವರ್ಷ ಆ ಒಂದು ಹ್ಞೂಂ ಎದೆ ಮೇಲೆ ಇಟ್ಕೊಂಡು ಮಲಗಿದ್ದೀನಿ. ಈಗಲಾದ್ರೂ ಸರಿಯಾಗಿ ಹೇಳಿ. ಭಾರಾನಾ?"

"ಭಾರ ಏನಿದ್ರೂ ಈ ಕೂದಲೇ ಅತ್ತೆ. ಇಳಿಸ್ತಾ ಇದ್ದೀನಲ್ಲ."

ಕತ್ತಿನವರೆಗೆ ಮೋಟಾಗಿ ಕತ್ತರಿಸಿದ ಮೇಲೆ ಅತ್ತೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡರು. ಹಗುರವಾಗಿತ್ತು, ಬೇಕೆಂದೇ ಇನ್ನೊಂದು ಸಲ ತಿರುಗಿಸಿದರು. ಆಮೇಲೆ ಅಳಿಯನ ಮೀಸೆಯ ಕಡೆ ಬೆರಳು ತೋರಿಸಿದರು. "ನಾನು ನನ್ನ ಮಾತು ಉಳಿಸಿಕೊಂಡೆ. ನೀವು?"

ಮಾಸ್ಟರು ಮೀಸೆ ಮುಟ್ಟಿ ನೋಡಿಕೊಂಡರು. ಮದುವೆಗೂ ಮುಂಚಿನಿಂದ ಸಾಕಿದ ಮೀಸೆ. ನಿಟ್ಟುಸಿರು ಬಿಟ್ಟು ಸೋಪು ನೊರೆ ಮಾಡತೊಡಗಿದರು.

ಗುರುವಾರ ಇನ್ಸ್‌ಪೆಕ್ಟರಮ್ಮ ಬಂದಾಗ ಬಾಗಿಲಲ್ಲಿ ಮೋಟು ಕೂದಲಿನ ಅತ್ತೆ, ಬೋಳು ತುಟಿಯ ಅಳಿಯ ಅಕ್ಕಪಕ್ಕ ನಿಂತಿದ್ದರು. ಇನ್ಸ್‌ಪೆಕ್ಟರಮ್ಮ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿ, ಗಾಡಿಯ ಕಂಬಿ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಮಾಸ್ಟರು ಗಂಟಲು ಸರಿಮಾಡಿಕೊಂಡರು. ಪೇಟೆಬೀದಿಯಲ್ಲಿ ಅವರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

"ಸುಳ್ಳು ಹೇಳಿದ್ದು ನಿಜ ಮೇಡಂ. ಚೀಲ ಅಂಗಡೀದೇ. ಆದ್ರೆ ಇವನು ಹಸಿ ಅಂತಾನೆ, ಅವನು ಒಣ ಅಂತಾನೆ. ನಾನು ಅಂಗಡಿಲಿ ನಿಲ್ಲಬೇಕಾ, ಕೂದಲು ನಿಲ್ಲಬೇಕಾ? ನೀವೇ ಹೇಳಿ, ಎಲ್ಲಿ ಹಾಕಲಿ?"

ಇನ್ಸ್‌ಪೆಕ್ಟರಮ್ಮ ನಿಯಮದ ಪುಸ್ತಕ ತೆರೆದು ಹುಡುಕಿದರು. ಮೊಟ್ಟೆ ಸಿಪ್ಪೆ ಇತ್ತು, ಹಳೇ ಚಪ್ಪಲಿ ಇತ್ತು. ಕೂದಲು ಇರಲಿಲ್ಲ. ಅಲ್ಲೇ ನಿಂತು ಆಫೀಸಿಗೆ ಫೋನ್ ಮಾಡಿದರು. ಆ ಕಡೆಯಿಂದ ಏನೋ ಪ್ರಶ್ನೆ ಬಂತು. ಅವರು ಫೋನಿಗೆ ಕೈ ಅಡ್ಡ ಹಿಡಿದು, "ತಲೆ ತೊಳೆದು ಕತ್ತರಿಸ್ತೀರೋ, ಕತ್ತರಿಸಿ ತೊಳೀತೀರೋ ಅಂತ ಕೇಳ್ತಿದ್ದಾರೆ," ಅಂದರು.

"ಅವರನ್ನೇ ಕಳಿಸಿ," ಅಂದರು ಅತ್ತೆ. "ನಮ್ಮ ಅಳಿಯಂದಿರು ಎರಡೂ ಮಾಡಿ ತೋರಿಸ್ತಾರೆ."

ಆಫೀಸಿನಲ್ಲಿ ಮೀಟಿಂಗ್ ಮೇಲೆ ಮೀಟಿಂಗ್ ನಡೆದವಂತೆ. ಕೊನೆಗೆ ಬಗೆಹರಿದದ್ದು ಇನ್ಸ್‌ಪೆಕ್ಟರಮ್ಮ ಹಸಿ ಕಸವನ್ನು ಗೊಬ್ಬರ ಮಾಡುವ ಅಂಗಳದವರನ್ನು ಖುದ್ದಾಗಿ ಹೋಗಿ ಕೇಳಿದ್ದರಿಂದ. ಬ್ಲೇಡಿನ ಚೂರು, ಬಣ್ಣ, ಪ್ಲಾಸ್ಟಿಕ್ ಇಲ್ಲದಿದ್ದರೆ ನಮಗೇ ಇರಲಿ, ಮಣ್ಣಿಗೆ ಒಳ್ಳೆಯದು ಅಂದರಂತೆ ಅವರು. ಕಾಗದದ ಚೀಲದಲ್ಲಿ ಕಟ್ಟಿ ಹಸಿ ಕಸದವನ ಕೈಗೆ ಕೊಡುವುದೆಂದು ತೀರ್ಮಾನವಾಯಿತು. ಬಣ್ಣ ಹಚ್ಚಿದ ಕೂದಲು ಮಾತ್ರ ಬೇರೆ. ಕುರ್ಚಿಯಲ್ಲಿ ಕೂತ ಯಾವ ಗಂಡಸೂ ಬಣ್ಣ ಹಚ್ಚುತ್ತೇನೆಂದು ಒಪ್ಪುತ್ತಿರಲಿಲ್ಲ, ಹೀಗಾಗಿ ಅದನ್ನು ಬೇರ್ಪಡಿಸುವಾಗ ಮಾಸ್ಟರು ಬಹಳ ನಾಜೂಕಾಗಿ ಇರಬೇಕಾಗುತ್ತಿತ್ತು.

ಹೆಂಡತಿ ತರಬೇತಿ ಮುಗಿಸಿ ಬಂದಾಗ ಮೆಟ್ಟಿಲ ಮೇಲೇ ಜಗಳ ಕೇಳಿಸಿತು. ಹಾಲಿನ ಪ್ಯಾಕೆಟ್ ತೊಳೆದು ನೀಲಿಗೆ ಹಾಕಬೇಕೋ, ತೊಳೆಯದೆಯೋ ಎಂದು ಅತ್ತೆ, ಅಳಿಯ ಬಾಯಿಗೆ ಬಾಯಿ ಕೊಟ್ಟು ವಾದಿಸುತ್ತಿದ್ದರು. ಒಳಗೆ ಬಂದವಳು ಚೀಲ ಕೆಳಗೆ ಹಾಕಿದಳು.

"ಅಮ್ಮಾ, ನಿನ್ನ ತುರುಬೆಲ್ಲಿ? ರೀ, ನಿಮ್ಮ ಮೀಸೆ ಎಲ್ಲಿ?"

"ಗೊಬ್ಬರಕ್ಕೆ ಹೋಯ್ತು," ಅಂದರು ಇಬ್ಬರೂ ಒಟ್ಟಿಗೆ, ಮತ್ತೆ ಜಗಳಕ್ಕೆ ತಿರುಗಿದರು.

ತಾಯಿ ಗಂಡನಿಗೆ, "ನಿಮಗೆ ಏನೂ ಗೊತ್ತಾಗಲ್ಲ, ಸುಮ್ನಿರಿ," ಅನ್ನುವುದು, ಗಂಡ ತಾಯಿಗೆ, "ನೀವು ಪುಸ್ತಕ ಸರಿಯಾಗಿ ಓದಿ ಅತ್ತೆ," ಅನ್ನುವುದು ಅವಳ ಕಿವಿಗೆ ಹೊಸದು. ನಡುವೆ ತನ್ನನ್ನು ಯಾರೂ ಕರೆಯಲಿಲ್ಲ ಅಂತ ಒಂದು ಗಳಿಗೆ ಮುನಿಸೂ ಬಂತು. ಆಮೇಲೆ ಚಪ್ಪಲಿ ಬಿಟ್ಟು, ಕಾಲು ಚಾಚಿ, ದಿಂಬಿಗೊರಗಿ ಕೂತಳು.

"ಜಗಳ ಮುಗಿದ ಮೇಲೆ ಯಾರಾದ್ರೂ ಒಬ್ಬರು ನನಗೊಂದು ಲೋಟ ಟೀ ಕೊಡಿ," ಅಂದಳು.