ರಸ್ತೆಯಿಂದ ಕಾಣುವ ಕೆಂಪು

"ಅಲ್ಲಾಡ್ಬೇಡ ಮಾರಾಯ್ತಿ," ಎನ್ನುತ್ತ ಲೋರೆ ಪಾರಾಸ್ಕಳ ತಲೆಯ ಮೇಲೆ ಕೆಂಪು ವಸ್ತ್ರವನ್ನು ಎಳೆದು ಕತ್ತಿನ ಹಿಂದೆ ಗಂಟು ಬಿಗಿದಳು. ಕೂದಲು ಒಂದೆಳೆಯೂ ಹೊರಗಿರಬಾರದು, ಗಂಟು ಬೆನ್ನಿನ ನೇರಕ್ಕೆ ಬರಬೇಕು. ಕಡ್ಡಾಯ ಶ್ರಮಸೇವೆಯ ಕ್ಯಾಂಪಿನಲ್ಲಿ ಬೆಳಿಗ್ಗೆ ಬಾವುಟದ ಕೆಳಗೆ ನಿಲ್ಲುವ ಮುಂಚೆ ಹುಡುಗಿಯರು ಒಬ್ಬರಿಗೊಬ್ಬರು ಹೀಗೆಯೇ ಕಟ್ಟಿಕೊಡುತ್ತಿದ್ದರು. ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ವಸ್ತ್ರದ ನಂತರ ಲೋರೆ ತನ್ನ ಏಪ್ರನ್ನನ್ನೂ ಬಿಚ್ಚಿ ಪಾರಾಸ್ಕಳಿಗೆ ತೊಡಿಸಿ, ಎದೆಯ ಮುಂದಿನ ಬಟ್ಟೆಯನ್ನು ಎಳೆದು ನೆಟ್ಟಗೆ ಮಾಡಿದಳು. ಅದರ ಹಿಂದೆ ಪಾರಾಸ್ಕಳ ಅಂಗಿಗೆ ಹೊಲಿದಿದ್ದ ನೀಲಿ ಪಟ್ಟಿ ಮುಚ್ಚಿಹೋಯಿತು. ಯುದ್ಧದಲ್ಲಿ ಗೆದ್ದ ಪೂರ್ವದ ನಾಡುಗಳಿಂದ ಹಿಡಿದು ತಂದ ಕೂಲಿಯವರೆಲ್ಲ ಯಾವಾಗಲೂ ಕಾಣುವಂತೆ ಹಾಕಿಕೊಂಡಿರಬೇಕಾದ ಪಟ್ಟಿ ಅದು. ಲೋರೆ ಅದನ್ನು ಯೋಚಿಸಲಿಲ್ಲ. ಅವಳ ತಲೆಯಲ್ಲಿ ರೈಲು ಇತ್ತು.

ಮುಂದಿನ ಸೇತುವೆಯ ಮೇಲೆ ಬಾಂಬು ಬಿದ್ದದ್ದರಿಂದ ಗಾಯಗೊಂಡ ಸೈನಿಕರ ರೈಲೊಂದು ಹಿಂದಿನ ಸಂಜೆಯಿಂದ ಸ್ಟೇಷನ್ನಿನಲ್ಲೇ ನಿಂತುಬಿಟ್ಟಿತ್ತು. ರೈಲ್ವೆಯಲ್ಲಿದ್ದ, ಈ ಹೊಲದ ಒಡತಿ ಮೆಟಾಳ ಮೈದುನ ಸುದ್ದಿ ತಂದಿದ್ದ. ಅದರಲ್ಲಿದ್ದ ವೋಲ್ಕರ್ ಅನ್ನುವ ಹುಡುಗ, ಇಲ್ಲೇ ಶ್ರಮಸೇವೆಯ ಕ್ಯಾಂಪಿನಲ್ಲಿ ತನ್ನ ತಂಗಿ ಇದ್ದಾಳೆಂದು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದನಂತೆ. ಬೆಳಿಗ್ಗೆ ಲೋರೆ ಕ್ಯಾಂಪಿನ ನಾಯಕಿ ರೌಟೆನ್‌ಬರ್ಗ್ ಅವರ ಬಳಿ ರಜೆ ಕೇಳಿದ್ದಳು. ಹಿಮ ಬೀಳುವ ಮುಂಚೆ ಆಲೂಗಡ್ಡೆ ಮೇಲೆ ಬರಬೇಕು, ಅಣ್ಣ ತಮ್ಮಂದಿರು ಎಲ್ಲರಿಗೂ ಇದ್ದಾರೆ ಎಂದು ಅವರು ಗದರದೆ, ಮೆಲ್ಲಗೆಯೇ ಹೇಳಿ ಕಳಿಸಿದ್ದರು.

ಉಪಾಯ ಹುಟ್ಟಿದ್ದು ಮೆಟಾಳ ಬಾಯಿಂದ. ನಾಯಕಿ ದಿನವೂ ಸೈಕಲ್ಲಿನಲ್ಲಿ ಹೊಲಗಳ ಪಕ್ಕದ ರಸ್ತೆಯಲ್ಲಿ ಹಾದುಹೋಗುತ್ತಿದ್ದರು. ಯಾವ ಹೊಲದಲ್ಲಿ ಕೆಂಪು ತಲೆವಸ್ತ್ರ ಕಾಣುತ್ತದೋ ಅಲ್ಲಿ ತಮ್ಮ ಹುಡುಗಿ ಇದ್ದಾಳೆ ಎಂದು ಲೆಕ್ಕ. ಬೆಲ್ ಬಾರಿಸಿ ಮುಂದೆ ಸಾಗುವರು. "ಬೆದರುಬೊಂಬೆಗೆ ಕೆಂಪು ಬಟ್ಟೆ ಕಟ್ಟಿ ನಿಲ್ಸಿದ್ರೂ ಸಾಕು ನಿಮ್ಮ ನಾಯಕಿಯಮ್ಮಂಗೆ," ಎಂದು ಮೆಟಾ ಹಿಂದೊಮ್ಮೆ ಆಡಿಕೊಂಡಿದ್ದಳು. "ಅದು ನಿನಗಿಂತ ಜಾಸ್ತಿನೇ ಕೆಲ್ಸ ಮಾಡತ್ತೆ."

ಪಾರಾಸ್ಕಳಿಗೆ ಇಷ್ಟವಿರಲಿಲ್ಲ. ಎರಡು ಸಲ ಕೈ ಅಡ್ಡ ಹಿಡಿದಿದ್ದಳು. ಲೋರೆಗೆ ಹದಿನೆಂಟು, ಅವಳಿಗೂ ಹೆಚ್ಚುಕಮ್ಮಿ ಅಷ್ಟೇ. ಎರಡು ತಿಂಗಳಿಂದ ಇಬ್ಬರೂ ಅಕ್ಕಪಕ್ಕದ ಸಾಲಿನಲ್ಲಿ ಬಗ್ಗಿ ಗಡ್ಡೆ ಆರಿಸುತ್ತಿದ್ದರು. ಪಾರಾಸ್ಕ ಮುಂದೆ ಹೋಗಿ, ಹಿಂದುಳಿದ ಲೋರೆಯ ಸಾಲಿನಿಂದಲೂ ಒಂದಷ್ಟು ಕಿತ್ತು ಬುಟ್ಟಿಗೆ ಹಾಕುತ್ತಿದ್ದಳು.

"ಹೆದರ್ತೀಯಾಕೆ? ತಲೆ ಮಾತ್ರ ಎತ್ಬೇಡ. ಬೆಲ್ ಕೇಳಿದ್ರೂ ಎತ್ಬೇಡ. ಮುಖ ಕಾಣ್ಬಾರ್ದು ಅಷ್ಟೆ," ಎಂದಳು ಲೋರೆ.

"ಅಣ್ಣ?" ಎಂದು ಕೇಳಿದಳು ಪಾರಾಸ್ಕ.

"ಹೂಂ, ಅಣ್ಣ."

ಪಾರಾಸ್ಕ ಬುಟ್ಟಿ ಎತ್ತಿಕೊಂಡು ಸಾಲಿಗೆ ಹೋದಳು. ಲೋರೆ ಮೆಟಾಳ ಹಳೆಯ ಕೋಟನ್ನು ನೀಲಿ ಉಡುಪಿನ ಮೇಲೆ ಹಾಕಿಕೊಂಡು ಕಾಡಿನ ದಾರಿ ಹಿಡಿದಳು.

ವೋಲ್ಕರ್ ಸಿಕ್ಕ. ಒಂದು ತೋಳಿರಲಿಲ್ಲ, ಆದರೆ ಮುಖ ಅದೇ ಇತ್ತು. ಮೆಟಾ ಕಟ್ಟಿಕೊಟ್ಟಿದ್ದ ಪ್ಲಮ್ ಕೇಕನ್ನು ಲೋರೆ ಮುರಿದು ಮುರಿದು ಬಾಯಿಗಿಟ್ಟಳು. ನೀನು ಯಾವಾಗಿಂದ ಅಜ್ಜಿಯ ಕೋಟು ಹಾಕೋಕೆ ಶುರು ಮಾಡಿದೆ ಎಂದು ಅವನು ರೇಗಿಸಿದ. ಬರುವಾಗ ಅವಳು ಕಾಡಿನಲ್ಲಿ ಒಬ್ಬಳೇ ಹಾಡಿಕೊಂಡಳು. ಆ ಹಾಡು ಅವಳನ್ನು ಆಮೇಲೆ ಬಹಳ ಕಾಲ ಬಿಡಲಿಲ್ಲ.

ಮೆಟಾಳ ಮನೆಯ ಅಂಗಳದ ಮರಕ್ಕೆ ನಾಯಕಿಯ ಸೈಕಲ್ ಒರಗಿತ್ತು. ಅದರ ಪಕ್ಕ ಇನ್ನೊಂದು ಸೈಕಲ್, ಊರಿನ ಪೊಲೀಸಿನವನದು. ಕಂದು ಕೋಟು, ಕಂದು ಟೋಪಿಯಲ್ಲಿ ನಾಯಕಿ ನಿಂತಿದ್ದರು, ಮಡಿಸಿದ ಕೆಂಪು ವಸ್ತ್ರ ಅವರ ಕೈಯಲ್ಲಿತ್ತು. ಗೋಡೆಯ ಹತ್ತಿರ ಪಾರಾಸ್ಕ, ಬರಿದಲೆ, ಎದೆಯ ಮೇಲೆ ನೀಲಿ ಪಟ್ಟಿ. ಲೋರೆ ಕೊಟ್ಟಿಗೆಯ ಹಿಂದೆ ಕೋಟು ಕಳಚಿ ಅಂಗಳಕ್ಕೆ ಬಂದಳು. ಹೊಟ್ಟೆನೋವೆಂದು ಲೋರೆ ಮಹಡಿಯಲ್ಲಿ ಮಲಗಿದ್ದಳು ಎಂದು ಮೆಟಾ ಆಗಲೇ ಹೇಳಿಬಿಟ್ಟಿದ್ದಳು.

ನಾಯಕಿ ಹಿಡಿಯಲೆಂದು ಬಂದವರಲ್ಲ. ಬೆಲ್ ಹೊಡೆದರೆ ಅವರ ಹುಡುಗಿಯರೆಲ್ಲ ಬೆನ್ನು ನೆಟ್ಟಗೆ ಮಾಡಿ ಕೈ ಎತ್ತುತ್ತಿದ್ದರು, ಒಂದು ಗಳಿಗೆಯಾದರೂ ಸುಧಾರಿಸಿಕೊಳ್ಳಲು ಸಿಗಲೆಂದು. ಇವತ್ತು ಒಬ್ಬಳು ಬೆಲ್ ಕೇಳಿಯೂ ತಲೆ ಎತ್ತದೆ ಗಡ್ಡೆ ಆರಿಸುತ್ತಲೇ ಇದ್ದಳು. ಇಷ್ಟು ಶ್ರದ್ಧೆಯ ಹುಡುಗಿಗೆ ಒಂದು ಒಳ್ಳೆಯ ಮಾತು ಹೇಳೋಣವೆಂದು ಅವರು ಸೈಕಲ್ ಇಳಿದು ಹೊಲದೊಳಗೆ ನಡೆದಿದ್ದರು.

"ಸೇವೆಯ ಉಡುಪು ಹಾಕಿದ್ದು ಒಂದು ತಪ್ಪು. ಪಟ್ಟಿ ಮುಚ್ಚಿದ್ದು ಇನ್ನೂ ದೊಡ್ಡದು," ಎಂದ ಪೊಲೀಸಿನವನು. "ಯಾಕೆ ಹಾಕ್ಕೊಂಡೆ? ಓಡಿಹೋಗೋಕಾ?"

"ಚಳಿ ಆಯ್ತು," ಎಂದಳು ಪಾರಾಸ್ಕ. ಲೋರೆಯ ಕಡೆ ನೋಡಲಿಲ್ಲ.

ನಾಯಕಿ ಲೋರೆಯ ಬೂಟುಗಳನ್ನು ನೋಡಿದರು. ಬೂಟಿಗೆ ಕಾಡಿನ ಕೆಸರು, ಪೈನ್ ಎಲೆ ಹತ್ತಿತ್ತು. ಸ್ವಲ್ಪ ಹೊತ್ತು ಅಲ್ಲೇ ನೋಡುತ್ತಿದ್ದು, ಆಮೇಲೆ ಮುಖ ಎತ್ತಿದರು.

"ನೀನು ಬಿಚ್ಚಿಟ್ಟು ಮಲಗಿದ್ದೆ. ಅವಳೇ ತಗೊಂಡಳು. ಅಲ್ವಾ, ಲೋರೆ?"

ಇಲ್ಲ ಎನ್ನುವ ಮಾತು ಬಾಯಿಯವರೆಗೂ ಬಂದಿತ್ತು. ಮೆಟಾ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು. ಅವಳ ಕೋಟು, ಅವಳ ಕೇಕು, ಅವಳ ಸುಳ್ಳು. ಅವಳಿಗಾಗಿ ಸುಮ್ಮನಿದ್ದೆ ಎಂದು ಲೋರೆ ಆಮೇಲೆ ಎಷ್ಟೋ ಸಲ ಹೇಳಿಕೊಂಡಳು. ಆದರೆ ಆ ಕ್ಷಣ ಮೆಟಾ ಅವಳ ಮನಸ್ಸಿನಲ್ಲೇ ಇರಲಿಲ್ಲ. ಲೋರೆ ತಲೆಯಾಡಿಸಿದಳು. ಹೌದು ಎಂದು ಬಾಯಿಬಿಟ್ಟು ಹೇಳುವಷ್ಟೂ ಕಷ್ಟಪಡಬೇಕಾಗಿ ಬರಲಿಲ್ಲ.

ಪೊಲೀಸಿನವನು ಸೈಕಲ್ ತಳ್ಳಿಕೊಂಡು ಹೊರಟ. ಪಾರಾಸ್ಕ ಅದರ ಮುಂದೆ ನಡೆದಳು. ಕೈಯಲ್ಲಿ ಇನ್ನೂ ಮಣ್ಣಿತ್ತು, ನಡೆಯುತ್ತಲೇ ಅದನ್ನು ಲಂಗಕ್ಕೆ ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ ಕ್ಯಾಂಪಿನ ಉಡುಪಿನ ಕೋಣೆಯಿಂದ ಲೋರೆಗೆ ಅದೇ ವಸ್ತ್ರ ವಾಪಸ್ಸು ಬಂತು. ಕುದಿಸಿ ಒಗೆದು, ಇಸ್ತ್ರಿ ಮಾಡಿದ್ದರು. ಬೇರೆಯದು ಕೊಡಿ ಎಂದು ಅವಳು ಕೇಳಿದಳು. ಬೇರೆಯದು ಇಲ್ಲ, ಯುದ್ಧ ನಡೀತಿರೋದು ಗೊತ್ತಿಲ್ವಾ ರಾಣಿಯಮ್ಮಂಗೆ ಎಂದು ಕೋಣೆಯ ಹುಡುಗಿ ನಕ್ಕಳು. ಲೋರೆ ತಾನೇ ಕಟ್ಟಿಕೊಳ್ಳಲು ನೋಡಿದಳು, ಗಂಟು ಕಿವಿಯ ಕಡೆಗೆ ಜಾರುತ್ತಿತ್ತು. ಕೊನೆಗೆ ಪಕ್ಕದವಳು ಬಂದು, ಅಲ್ಲಾಡ್ಬೇಡ ಎಂದು ಗದರಿ, ಬಿಗಿದು ಕಟ್ಟಿದಳು.

ಹೊಲದಲ್ಲಿ ಮೆಟಾ ಕೇಕಿನ ಮಾತು, ರೈಲಿನ ಮಾತು, ಯಾವುದೂ ಎತ್ತಲಿಲ್ಲ. "ಎರಡು ಸಾಲೂ ಈಗ ನಿಂದೇ," ಎಂದಷ್ಟೇ ಹೇಳಿ ಬುಟ್ಟಿ ಇಟ್ಟು ಹೋದಳು. ಪಾರಾಸ್ಕಳ ಸಾಲು ನಡುವಿನಲ್ಲಿ ನಿಂತಿತ್ತು. ಅಲ್ಲಿಂದಾಚೆ ಮಣ್ಣನ್ನು ಯಾರೂ ಮುಟ್ಟಿರಲಿಲ್ಲ. ಈಚೆ, ಲೋರೆಯ ಸಾಲಿನ ಒಂದಷ್ಟು ದೂರ ಆಗಲೇ ಆರಿಸಿ ಮುಗಿದಿತ್ತು.

ಲೋರೆ ಅಲ್ಲಿಂದಲೇ ಶುರುಮಾಡಿದಳು. ಸೂರ್ಯ ಕಾಡಿನ ಮೇಲೆ ಬಂದಾಗ ರಸ್ತೆಯಲ್ಲಿ ಬೆಲ್ ಕೇಳಿಸಿತು. ಎತ್ತಬಾರದು ಎಂದುಕೊಂಡು ಅವಳು ಎರಡು ಗಡ್ಡೆ ಆರಿಸಿದಳು, ಮೂರನೆಯದನ್ನು ಹಿಡಿದಳು. ಬೆಲ್ ಮತ್ತೊಮ್ಮೆ ಕೇಳಿಸಿತು. ಸೈಕಲ್ ನಿಧಾನವಾಗುವುದು ಬಗ್ಗಿದಲ್ಲಿಂದಲೇ ಕಾಣುತ್ತಿತ್ತು.

ಅವಳು ಬೆನ್ನು ನೆಟ್ಟಗೆ ಮಾಡಿ, ಮಣ್ಣಿನ ಕೈ ಎತ್ತಿದಳು. ನಾಯಕಿಯೂ ಕೈ ಎತ್ತಿ, ಪೆಡಲ್ ತುಳಿದು ಮುಂದೆ ಹೋದರು.