ಸ್ಟೂಲಿನ ಆಸೆ

“ಗೋಡೆ ಬಿಡೇ ಮುಂಡೇದೇ! ನೀನು ಒರಗದಿದ್ರೆ ಅದು ಬಿದ್ದೋಗುತ್ತಾ?”

ಸಾವ್ಕಾರನ ಕೂಗಿಗೆ ಕಡ್ಡಿ ನೆಟ್ಟಗಾದಳು. ಸಣಕಲಿ, ಅದಕ್ಕೇ ಆ ಹೆಸರು; ನಮ್ಮೆಲ್ಲರಿಗಿಂತ ಚಿಕ್ಕವಳು. ಈ ಬಟ್ಟೆ ಅಂಗಡಿಯಲ್ಲಿ ನಾವು ಹೆಂಗಸರು ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೂ ನಿಂತೇ ಇರಬೇಕು. ಬಟ್ಟೆ ಸುತ್ತಿದ ಥಾನು ಇಳಿಸು, ಬಿಚ್ಚು, ಸುತ್ತು, ಏರಿಸು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಎಲ್ಲರಿಗಿಂತ ಹಳಬಳಾದ ದೊಡ್ಡಕ್ಕನ ಕಾಲಿನ ನರಗಳು ಹಗ್ಗದಂತೆ ಗಂಟುಗಟ್ಟಿದ್ದವು. ಸ್ಟೂಲು ಹಾಕಿಸಿ ಎಂದು ಕೇಳಿದೆವು. ಸಾವ್ಕಾರ ಒಬ್ಬ ಭಿಕ್ಕುವನ್ನು ಕರೆಸಿದ.

“ಆಸೆಯೇ ದುಃಖಕ್ಕೆ ಮೂಲ ಅಂತ ಇವುಗಳ ತಲೆಗೆ ತುಂಬಿ, ಗುರುಗಳೇ,” ಎಂದು ತಾನು ಮೆತ್ತೆಯ ಕುರ್ಚಿಯಲ್ಲಿ ಕುಕ್ಕರಿಸಿದ.

ಮುದುಕ ಭಿಕ್ಕು ನಮ್ಮತ್ತ ತಿರುಗಿದ. “ಬುದ್ಧ ಮಾತಾಡಿದ್ದು ವೈದ್ಯನ ಹಾಗೆ, ತಾಯಿ. ನೋವಿದೆ. ಅದಕ್ಕೆ ಕಾರಣ ಇದೆ. ನೋವು ಹೋಗುತ್ತೆ. ಹೋಗೋಕೆ ದಾರೀನೂ ಇದೆ.”

“ನೋವಿದೆ ಸ್ವಾಮಿ, ಮೊಣಕಾಲಿಂದ ಕೆಳಗೆ,” ಎಂದಳು ದೊಡ್ಡಕ್ಕ. “ಕಾರಣ ಕುರ್ಚಿ ಮೇಲಿದೆ.”

ಕಡ್ಡಿ ಥಾನಿನ ಮರೆಯಲ್ಲಿ ಕಿಸಕ್ಕೆಂದಳು.

“ಆಸೆ ಕಣೇ ಕಾರಣ! ಸ್ಟೂಲಿನ ಆಸೆ!” ಎಂದು ಸಾವ್ಕಾರ ಗುಡುಗಿದ.

“ನಮ್ದು ಸ್ಟೂಲಿನಷ್ಟು ಆಸೆ, ಸಾವ್ಕಾರ್ರೇ,” ಎಂದಳು ದೊಡ್ಡಕ್ಕ. “ ನಿಮ್ದು ಮೂರಂತಸ್ತಿನ ಮನೆಯಷ್ಟು. ಗುರುಗಳು ಮೊದ್ಲು ದೊಡ್ಡದನ್ನ ಬಿಡಿಸ್ಲಿ.”

ಭಿಕ್ಕು ನಗು ನುಂಗಿ ಕೆಮ್ಮಿದ. “ಬುದ್ಧ ಅರಮನೇಲಿ ಸುಖವಾಗಿ ಹೊರಳಾಡಿ ನೋಡ್ದ. ಕಾಡಲ್ಲಿ ಮೈ ದಂಡಿಸಿ, ಉಪವಾಸ ಬಿದ್ದು ನೋಡ್ದ. ಎರಡರಲ್ಲೂ ಬಿಡುಗಡೆ ಸಿಗ್ಲಿಲ್ಲ. ಆಮೇಲೆ ಮಧ್ಯದ ದಾರಿ ಹಿಡಿದ.”

ದೊಡ್ಡಕ್ಕ ಹುಬ್ಬು ಗಂಟಿಕ್ಕಿದಳು. “ಅಂದ್ರೆ, ಅಂಗಡೀಲಿ ಕಾಲು ಚಾಚಿ ಮಲಗೋದು ಅತಿ?”

“ಅತಿ.”

“ದಿನಪೂರ್ತಿ ನಿಂತಿರೋದು?”

“ಅದೂ ಅತೀನೇ.”

“ಮಧ್ಯದ್ದು ಯಾವ್ದು, ಹೇಳ್ರೇ?” ಎಂದು ದೊಡ್ಡಕ್ಕ ನಮ್ಮತ್ತ ತಿರುಗಿದಳು.

ಕಪಾಟಿನಿಂದ ಥಾನುಗಳನ್ನು ಉರುಳಿಸಿ ಅವುಗಳ ಮೇಲೆ ಕೂತೆವು. ಹತ್ತಿಯ ಮೇಲೆ ಕಡ್ಡಿ, ರೇಷ್ಮೆಯ ಮೇಲೆ ದೊಡ್ಡಕ್ಕ.

ಸಾವ್ಕಾರ ಕುರ್ಚಿಯಿಂದ ಚಿಮ್ಮಿದ. “ಎದ್ದೇಳ್ರೇ ಹಲ್ಕಾ ಮುಂಡೇರಾ! ಇಲ್ದಿದ್ರೆ ನಾಳೆಯಿಂದ ಒಬ್ಳಿಗೂ ಕೆಲಸ ಇಲ್ಲ!”

ಏಳಲೆಂದು ಕಡ್ಡಿ ನೆಲಕ್ಕೆ ಕೈಯೂರಿದಳು.

“ಯಾವ್ದೂ ಶಾಶ್ವತ ಅಲ್ಲ, ಮಗಳೇ, ಈ ಸಿಟ್ಟೂ. ಅದನ್ನೂ ಬುದ್ಧನೇ ಹೇಳಿದ್ದು,” ಎಂದು ಭಿಕ್ಕು ಅವಳ ಪಕ್ಕದಲ್ಲೇ ಕೂತುಬಿಟ್ಟ. ಕಡ್ಡಿ ಕೈ ಹಿಂದಕ್ಕೆಳೆದುಕೊಂಡಳು.

ಅಷ್ಟರಲ್ಲಿ ಒಬ್ಬ ಗಿರಾಕಿ ಒಳಬಂದು, ನಮ್ಮನ್ನು ಕಂಡು ಹೊಸ್ತಿಲಲ್ಲೇ ತಬ್ಬಿಬ್ಬಾದ. ದೊಡ್ಡಕ್ಕ ಏಳಲಿಲ್ಲ. ಪಕ್ಕದ ಥಾನನ್ನು ಕಾಲಿನಿಂದ ಒದ್ದಳು. ಕೆಂಪು ಬಟ್ಟೆ ಸರಸರ ಬಿಚ್ಚಿಕೊಳ್ಳುತ್ತಾ ಸಾವ್ಕಾರನ ಬೂಟು ದಾಟಿ ಬಾಗಿಲವರೆಗೆ ಹಾಸಿಕೊಂಡಿತು.

“ಬನ್ನಿ ಸಾರ್. ಯಾವ ಬಣ್ಣ ತೋರಿಸ್ಲಿ?”